ಬ್ಲಾಕ್ ಇಲ್ಲ ಅಂದರು, ಆದರೂ ಹಾರ್ಟ್ ಕಾಯಿಲೆ ಅಂತಾರೆ!

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ತಮ್ಮನಿಗೆ 22 ವರ್ಷ, ಕಬಡ್ಡಿ ಆಟಗಾರ. ಹೋದ ತಿಂಗಳು ಊರ ಜಾತ್ರೆಯ ಪಂದ್ಯದಲ್ಲಿ ರೈಡ್ ಮುಗಿಸಿ ಬಂದವನು ಗೆರೆ ಹತ್ತಿರವೇ ಕುಸಿದುಬಿದ್ದ. ಅರ್ಧ ನಿಮಿಷ ಎಚ್ಚರ ಇರಲಿಲ್ಲ. ಕೈಗೆ ಬೀಗದ ಕೈ ಕೊಟ್ಟರು, ಈರುಳ್ಳಿ ಮೂಸಿಸಿದರು, ಎದ್ದು ಕೂತ. ದಾವಣಗೆರೆಗೆ ಕರೆತಂದೆವು. ಆಂಜಿಯೋಗ್ರಾಂ ಮಾಡಿ ಬ್ಲಾಕ್ ಒಂದೂ ಇಲ್ಲ ಅಂದರು. ಸದ್ಯ ಪಾರಾದೆವು ಅನ್ನುವಷ್ಟರಲ್ಲಿ ಎಕೋ ನೋಡಿ, ಹೃದಯದ ಮಾಂಸ ದಪ್ಪ ಆಗಿದೆ, ಸೆಪ್ಟಮ್ 22 ಮಿ.ಮೀ., ಗ್ರೇಡಿಯಂಟ್ 64, ಮಾತ್ರೆ ಬಿಡುವ ಹಾಗಿಲ್ಲ, ಮುಂದೆ ಮಷಿನ್ ಕೂರಿಸಬೇಕಾಗಬಹುದು ಅಂದರು. ಬ್ಲಾಕ್ ಇಲ್ಲದ ಮೇಲೆ ಕಾಯಿಲೆ ಎಲ್ಲಿಂದ ಬಂತು? ಮಾಂಸ ದಪ್ಪ ಇದ್ದರೆ ಹೃದಯ ಗಟ್ಟಿ ಅಲ್ಲವೇ? ಜಿಮ್ಮು, ಪ್ರೋಟೀನ್ ಪುಡಿಯಿಂದಲೇ ಆಗಿದ್ದು ಅಂತ ಅಪ್ಪ ಬೈತಾರೆ. ಕೊರೊನಾ ಲಸಿಕೆಯಿಂದ ಅಂತ ಮಾವ ಹೇಳ್ತಾರೆ. ನಮ್ಮ ಚಿಕ್ಕಪ್ಪ 34ನೇ ವಯಸ್ಸಿಗೆ ಹೊಲದಲ್ಲೇ ಬಿದ್ದು ತೀರಿಕೊಂಡಿದ್ದರು. ಆಗ ಗಾಳಿ ಸೋಕಿದೆ ಅಂದಿದ್ದರು, ಈಗ ಅವ್ವ ಅದೇ ಮಾತು ತೆಗೆದಿದ್ದಾಳೆ. ಅಪ್ಪನಿಗೆ 56, ಬಿಪಿ ಮಾತ್ರೆ ಬಿಟ್ಟರೆ ಏನೂ ತೊಂದರೆ ಇಲ್ಲ. ತಮ್ಮನಿಗೆ ಸೋದರತ್ತೆ ಮಗಳನ್ನು ತರುವ ಮಾತು ನಡೆದಿತ್ತು, ಮುಂದುವರಿಸಬಹುದೇ? ನನಗೆ 28, ಐದು ವರ್ಷದ ಮಗಳಿದ್ದಾಳೆ. ನನಗೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ಅದು ರಕ್ತ ಕಡಿಮೆ ಇರೋದಕ್ಕೆ, ಅದನ್ನು ಬಿಡಿ. ನನ್ನ ತಮ್ಮ ಉಳೀತಾನಾ ಹೇಳಿ ಡಾಕ್ಟ್ರೇ.

ಉತ್ತರ: ಮೊದಲು ನಿಮ್ಮ ತಮ್ಮನ ಮಾತು. ಉಳಿಯುತ್ತಾನೆ. ಸರಿಯಾಗಿ ಪರೀಕ್ಷೆಯಾಗಿ, ಚಿಕಿತ್ಸೆ ಮತ್ತು ನಿಗಾದಲ್ಲಿರುವ ಈ ಕಾಯಿಲೆಯವರಲ್ಲಿ ಬಹುಪಾಲು ಜನ ಮದುವೆ, ಮಕ್ಕಳು, ದುಡಿಮೆ ಅಂತ ಎಲ್ಲರ ಹಾಗೆ ಬಾಳುತ್ತಾರೆ. ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಇದರಿಂದ ಸಾಯುತ್ತಾರೆ. ಆದರೆ ಆಟ ಆಡುವಾಗ ಎಚ್ಚರ ತಪ್ಪಿ ಬಿದ್ದವನನ್ನು ಆ ಸರಾಸರಿ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಲು ಬರುವುದಿಲ್ಲ. ಅವನ ವಿಷಯದಲ್ಲಿ ಈ ಒಂದೆರಡು ತಿಂಗಳಲ್ಲೇ ಕೆಲವು ತೀರ್ಮಾನ ಆಗಬೇಕು.

ಎರಡನೆಯದು ನೀವು 'ಅದನ್ನು ಬಿಡಿ' ಎಂದು ಬರೆದ ಸಾಲು. ಅದನ್ನು ಬಿಡುವ ಹಾಗಿಲ್ಲ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಡೆ ಹಾರ್ಟ್ ಕಾಯಿಲೆ ಅಂದರೆ ಬ್ಲಾಕು, ಬ್ಲಾಕು ಅಂದರೆ ಸ್ಟೆಂಟು. 2025ರ ಜೂನ್‌ನಲ್ಲಿ ಹಾಸನದಿಂದ ಹಠಾತ್ ಸಾವಿನ ಸುದ್ದಿಗಳು ಬಂದಾಗ ಆಸ್ಪತ್ರೆಗಳ ಮುಂದೆ ಸಾಲು ನಿಂತವರ ತಲೆಯಲ್ಲೂ ಇದ್ದದ್ದು ಬ್ಲಾಕೇ. ಆದರೆ ಆಂಜಿಯೋಗ್ರಾಂ ತೋರಿಸುವುದು ಹೃದಯಕ್ಕೆ ರಕ್ತ ಒಯ್ಯುವ ನಾಳಗಳನ್ನು ಮಾತ್ರ. ಹೃದಯದ ಮಾಂಸ ಹೇಗಿದೆ, ಕವಾಟ ಹೇಗೆ ಆಡುತ್ತಿದೆ, ಒಳಗಿನ ವಿದ್ಯುತ್ ಓಟ ನೆಟ್ಟಗಿದೆಯೇ ಎಂಬುದೆಲ್ಲ ಬೇರೆ ಬೇರೆ ಸಂಗತಿ. ಹೊಲಕ್ಕೆ ನೀರು ತರುವ ಪೈಪು ಸರಿಯಿದ್ದ ಮಾತ್ರಕ್ಕೆ ಮೋಟರು ಸರಿಯಿದೆ ಅನ್ನಲಾಗದು. ನಿಮ್ಮ ತಮ್ಮನ ತೊಂದರೆ ಇರುವುದು ಮೋಟರಿನಲ್ಲಿ. ಅದನ್ನು ತೋರಿಸುವುದು ಎಕೋ, ಅಂದರೆ ಹೃದಯದ ಸ್ಕ್ಯಾನ್.

ಈ ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ. ಆಸ್ಪತ್ರೆಯಲ್ಲಿ ಎಚ್‌ಸಿಎಂ ಅನ್ನುತ್ತೇವೆ, ಚೀಟಿಯಲ್ಲೂ ಹಾಗೇ ಬರೆದಿರುತ್ತಾರೆ. ದೊಡ್ಡವರಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆಯ ಗೋಡೆ ಸಾಮಾನ್ಯವಾಗಿ 12 ಮಿ.ಮೀ. ಒಳಗೆ ಇರುತ್ತದೆ. ಬಿಪಿ, ಕವಾಟದ ತೊಂದರೆಯಂಥ ಬೇರೆ ಕಾರಣವಿಲ್ಲದೆ ಅದು 15 ಮಿ.ಮೀ. ಮುಟ್ಟಿದರೆ ಈ ಕಾಯಿಲೆ ಎನ್ನುತ್ತೇವೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರಲ್ಲಿ 13 ಇದ್ದರೂ ಅನುಮಾನ ಪಡುತ್ತೇವೆ. ತಮ್ಮನದು 22.

ದಪ್ಪ ಅಂದರೆ ಗಟ್ಟಿ ಅಲ್ಲವೇ ಎಂದು ಕೇಳಿದ್ದೀರಿ. ಮನೆಯ ಗೋಡೆಯನ್ನು ಹೊರಗಿನಿಂದ ದಪ್ಪ ಮಾಡಿದರೆ ಒಳಗಿನ ಕೋಣೆಗೇನೂ ಆಗದು. ಇಲ್ಲಿ ಗೋಡೆ ಬೆಳೆದದ್ದು ಒಳಗಡೆಗೆ. ಕೋಣೆ ಇಕ್ಕಟ್ಟಾಗುತ್ತದೆ, ರಕ್ತ ತುಂಬಿಕೊಳ್ಳಲು ಜಾಗ ಸಾಲದು. ಗೋಡೆ ಬಿರುಸಾಗಿರುವುದರಿಂದ ಬಡಿತ ಬಡಿತದ ನಡುವೆ ಸರಿಯಾಗಿ ಸಡಿಲಗೊಳ್ಳುವುದೂ ಇಲ್ಲ. ಹಿಂಡುವ ಬಲ ಚೆನ್ನಾಗಿಯೇ ಇರುತ್ತದೆ. ಹಾಗಾಗಿಯೇ ಎಕೋ ವರದಿಯಲ್ಲಿ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಹೊರಹೋಗುವ ರಕ್ತದ ಪಾಲು, ನೂರಕ್ಕೆ 65–70 ಎಂದು ಬರೆದಿರುವುದನ್ನು ನೋಡಿ ಎಷ್ಟೋ ಮನೆಯವರು ಏನೂ ಇಲ್ಲ ಅಂತ ಫೈಲು ಅಟ್ಟಕ್ಕೆ ಹಾಕಿಬಿಡುತ್ತಾರೆ.

ಇನ್ನು 64 ಎಂಬ ಗ್ರೇಡಿಯಂಟ್. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿರುತ್ತೀರಿ. ಎಡ ಹೃತ್ಕುಕ್ಷಿಯಿಂದ ರಕ್ತ ಮಹಾಪಧಮನಿ ಎಂಬ ದೊಡ್ಡ ನಾಳಕ್ಕೆ ಹೊರಡುವ ದಾರಿ ನಿಮ್ಮ ತಮ್ಮನಲ್ಲಿ ಹಾಗೆ ಕಿಂಡಿಯಾಗಿದೆ. ಒಂದು ಕಡೆ ಉಬ್ಬಿದ ಸೆಪ್ಟಮ್, ಅಂದರೆ ಎಡಬಲ ಕೋಣೆಗಳ ನಡುವಿನ ಗೋಡೆ. ಇನ್ನೊಂದು ಕಡೆಯಿಂದ ರಕ್ತದ ರಭಸಕ್ಕೆ ಮೈಟ್ರಲ್ ಕವಾಟದ ಎಸಳು ಬಂದು ಆ ಗೋಡೆಗೆ ಅಂಟುತ್ತದೆ. ದಾರಿಯ ಆ ಬದಿಗೂ ಈ ಬದಿಗೂ ಒತ್ತಡದಲ್ಲಿ ಇರುವ ವ್ಯತ್ಯಾಸವೇ ಗ್ರೇಡಿಯಂಟ್. 30 ದಾಟಿದರೆ ಅಡಚಣೆ ಇದೆ ಎಂದರ್ಥ. 50 ದಾಟಿ, ಮಾತ್ರೆಗೂ ಬಗ್ಗದೆ ತೊಂದರೆ ಕೊಡುತ್ತಿದ್ದರೆ ದಾರಿ ಅಗಲ ಮಾಡುವ ಯೋಚನೆ ಶುರುವಾಗುತ್ತದೆ.

ಈ ಕಿಂಡಿ ದಿನವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ, ಬಗ್ಗಿದವರು ದಿಢೀರನೆ ಎದ್ದು ನಿಂತರೆ, ಹೊಟ್ಟೆ ಬಿರಿಯ ಉಂಡರೆ, ಕುಡಿದರೆ, ಜೋರಾಗಿ ಓಡಿ ಥಟ್ಟನೆ ನಿಂತರೆ ಅದು ಇನ್ನಷ್ಟು ಕಿರಿದಾಗುತ್ತದೆ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ಅಥವಾ ವಾಂತಿ ಭೇದಿ ಹಿಡಿದಾಗ ಇಂಥವರು ಹೆಚ್ಚು ತೊಂದರೆಗೆ ಸಿಗುತ್ತಾರೆ. ಮದುವೆ ಊಟ ಮುಗಿಸಿ ಛತ್ರದ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದು ಹೇಳಿಕೊಂಡು ಬಂದವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕುಕ್ಕರಗಾಲಲ್ಲಿ ಕೂತರೆ ಅದೇ ಕಿಂಡಿ ಸ್ವಲ್ಪ ಅಗಲವಾಗುತ್ತದೆ. ಸ್ಟೆತಾಸ್ಕೋಪ್ ಇಟ್ಟು ನಿಮ್ಮ ತಮ್ಮನನ್ನು ಕೂರಿಸಿ ಎಬ್ಬಿಸಿದರೆ ಕೂತಾಗ ತಗ್ಗಿದ ಶಬ್ದ ನಿಂತಾಗ ಜೋರಾಗುತ್ತದೆ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಈಗ ಕಾರಣದ ಮಾತು. ಜಿಮ್ಮು, ಪ್ರೋಟೀನ್ ಪುಡಿ, ತುಪ್ಪ, ಲಸಿಕೆ, ಗಾಳಿ ಇವು ಯಾವುದೂ ಇದಕ್ಕೆ ಕಾರಣವಲ್ಲ. ಲಂಡನ್ನಿನ ರೋಗನಿದಾನ ವೈದ್ಯ ಡೊನಾಲ್ಡ್ ಟೀರ್, ಹಠಾತ್ತಾಗಿ ತೀರಿಕೊಂಡ ಎಳೆಯ ವಯಸ್ಸಿನವರ ಹೃದಯಗಳಲ್ಲಿ ಈ ದಪ್ಪ ಗೋಡೆಯನ್ನು ಕಂಡು 1958ರಲ್ಲೇ ಬರೆದರು. ಕೊರೊನಾ ಹೆಸರು ಯಾರೂ ಕೇಳದ ಕಾಲ ಅದು. 1990ರಲ್ಲಿ ಇದಕ್ಕೆ ಕಾರಣವಾದ ಮೊದಲ ಜೀನ್ ದೋಷ ಸಿಕ್ಕಿತು. ಹೃದಯದ ಮಾಂಸ ಹಿಗ್ಗಿ ಕುಗ್ಗಲು ಬೇಕಾದ ಪ್ರೋಟೀನ್ ಎಳೆಗಳನ್ನು ಹೆಣೆಯುವ ಜೀನ್‌ನಲ್ಲಿ ಹುಟ್ಟಿನಿಂದಲೇ ತಪ್ಪಿರುತ್ತದೆ. ಸಾಲಾಗಿ ಇರಬೇಕಾದ ಮಾಂಸದ ಎಳೆಗಳು ಅಡ್ಡಾದಿಡ್ಡಿ ಬೆಳೆಯುತ್ತವೆ, ನಡುನಡುವೆ ಗಾಯದ ಕಲೆಯಂಥ ನಾರು ಕೂಡಿಕೊಳ್ಳುತ್ತದೆ. ವಿದ್ಯುತ್ ಸಂಜ್ಞೆ ಆ ಸಿಕ್ಕಿನಲ್ಲಿ ದಾರಿ ತಪ್ಪಿದಾಗ ಬಡಿತ ಲಯಗೆಡುತ್ತದೆ. ಹಠಾತ್ ಸಾವಿಗೆ ಕಾರಣ ಹೆಚ್ಚಿನ ಪಾಲು ಇದೇ. ತಪ್ಪು ಹುಟ್ಟಿನದಾದರೂ ದಪ್ಪ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹರೆಯದಲ್ಲಿ, ಕೆಲವರಲ್ಲಿ ನಲವತ್ತು ಐವತ್ತು ದಾಟಿದ ಮೇಲೆ. ನಿಮ್ಮ ಅಪ್ಪನಿಗೆ ದಯವಿಟ್ಟು ಹೇಳಿ, ಹುಡುಗ ಮಾಡಿದ ತಪ್ಪು ಏನೂ ಇಲ್ಲ. ಕಬಡ್ಡಿ ಕಾಯಿಲೆಯನ್ನು ಹುಟ್ಟಿಸಲಿಲ್ಲ, ಒಳಗಿದ್ದದ್ದನ್ನು ಹೊರಗೆ ಹಾಕಿತು.

ಅಪರೂಪದ ಕಾಯಿಲೆಯೂ ಅಲ್ಲ ಇದು. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. 2011ರ ಜನಗಣತಿಯಂತೆ ದಾವಣಗೆರೆ ನಗರದಲ್ಲಿ ಸುಮಾರು 4.35 ಲಕ್ಷ ಜನ. ಆ ಲೆಕ್ಕ ಹಿಡಿದರೆ ಈ ಊರೊಂದರಲ್ಲೇ ಎಂಟುನೂರಕ್ಕೂ ಹೆಚ್ಚು ಮಂದಿ ಇರಬೇಕು. ಅಷ್ಟು ಜನ ನಮ್ಮ ಓಪಿಡಿಗೆ ಬಂದಿಲ್ಲ. ಬಹಳ ಜನಕ್ಕೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಈಗ ನಿಮ್ಮ ಮನೆಯ ವಂಶದ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಈ ದೋಷ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಎಂಬ ಭೇದ ಇಲ್ಲ. 34ಕ್ಕೆ ಹೊಲದಲ್ಲಿ ಬಿದ್ದ ಚಿಕ್ಕಪ್ಪನಿಗೆ ಇದೇ ಆಗಿತ್ತು ಎಂದು ಈಗ ಸಾಬೀತು ಮಾಡಲಾಗದು, ಆದರೆ ಬಲವಾದ ಅನುಮಾನ ಪಡಬೇಕು. ಹಾಗಿದ್ದರೆ ಚಿಕ್ಕಪ್ಪನಿಂದ ಅದು ನಿಮ್ಮ ತಮ್ಮನಿಗೆ ಹಾರಿ ಬಂದಿಲ್ಲ. ನಡುವೆ ನಿಮ್ಮ ಅಪ್ಪ ಇದ್ದಾರೆ. ಏನೂ ತೊಂದರೆ ಇಲ್ಲದೆ ಹೊಲದಲ್ಲಿ ದುಡಿಯುತ್ತಿರುವ ಅವರಲ್ಲಿ ಆ ಜೀನ್ ಇರುವ ಸಾಧ್ಯತೆ ಬಹಳ. ಒಂದೇ ಮನೆಯಲ್ಲಿ, ಒಂದೇ ದೋಷ ಇದ್ದವರಲ್ಲಿ ಒಬ್ಬರು ಎಂಬತ್ತು ದಾಟುತ್ತಾರೆ, ಇನ್ನೊಬ್ಬರು ಇಪ್ಪತ್ತಕ್ಕೇ ತೊಂದರೆಗೆ ಬೀಳುತ್ತಾರೆ. ಅಪ್ಪನಿಗೆ ಇದ್ದರೆ, ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ.

ಅದಕ್ಕೇ ನಿಮ್ಮ ಏದುಸಿರಿನ ಮಾತನ್ನು ಬಿಡಲಾಗದು ಎಂದೆ. ರಕ್ತ ಕಡಿಮೆ ಇದ್ದರೂ ಏದುಸಿರು ಬರುತ್ತದೆ, ನಿಜ. ಹಿಮೋಗ್ಲೋಬಿನ್ ನೋಡಿಸಿ. ಆದರೆ ಜೊತೆಗೆ ಇಸಿಜಿ, ಎಕೋ ಎರಡೂ ಆಗಲೇಬೇಕು. ಹೆಣ್ಣುಮಕ್ಕಳಲ್ಲಿ ಈ ಕಾಯಿಲೆ ಗಂಡಸರಿಗಿಂತ ತಡವಾಗಿ, ತೊಂದರೆ ಹೆಚ್ಚಾದ ಮೇಲೆ ಗೊತ್ತಾಗುವುದು ಎಲ್ಲ ಕಡೆ ಕಂಡುಬಂದಿರುವ ಸಂಗತಿ. ಸುಸ್ತು ಅಂದರೆ ರಕ್ತ ಕಡಿಮೆ, ಎದೆ ಹೊಡೆದುಕೊಂಡರೆ ಗಾಬರಿ ಎಂದು ಮನೆಯವರೂ ಹೇಳುತ್ತಾರೆ, ಒಮ್ಮೊಮ್ಮೆ ನಾವು ವೈದ್ಯರೂ ಹೇಳಿಬಿಡುತ್ತೇವೆ. ತಮ್ಮನನ್ನು, ಅಪ್ಪನನ್ನು, ಚಿಕ್ಕಪ್ಪನನ್ನು ಇಷ್ಟು ಚೆನ್ನಾಗಿ ಗಮನಿಸಿ ಬರೆದ ನೀವು ನಿಮ್ಮ ಸರದಿ ಬಂದಾಗ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ನಿಮ್ಮ ಎಕೋದಲ್ಲಿ ಏನಾದರೂ ಕಂಡರೆ ಆಮೇಲೆ ಮಗಳ ಪರೀಕ್ಷೆ. ನಿಮ್ಮದು ತಿಳಿಯುವ ಮೊದಲೇ ಆ ಮಗುವನ್ನು ಹೆದರಿಸುವುದು ಬೇಡ. ಹಾಗೇ ಚಿಕ್ಕಪ್ಪನಿಗೆ ಮಕ್ಕಳಿದ್ದರೆ ಅವರಿಗೂ ಈ ಸುದ್ದಿ ಮುಟ್ಟಿಸಿ, ಆಸ್ತಿ ಜಗಳ ಏನೇ ಇರಲಿ.

ಒಂದು ಎಕೋ ಚೆನ್ನಾಗಿ ಬಂತು ಎಂದರೆ ಜೀವನಪೂರ್ತಿ ಚಿಂತೆ ಇಲ್ಲ ಎಂದಲ್ಲ. ಇಂಥ ಮನೆಯ ಹರೆಯದ ಮಕ್ಕಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ನೋಡಬೇಕಾಗುತ್ತದೆ. ಇದನ್ನು ತಪ್ಪಿಸಲು ಒಂದು ದಾರಿ ಜೀನ್ ಪರೀಕ್ಷೆ. ಕಾಯಿಲೆ ಖಚಿತವಾದ ನಿಮ್ಮ ತಮ್ಮನಿಗೇ ಅದನ್ನು ಮೊದಲು ಮಾಡಿಸಬೇಕು. ನೂರರಲ್ಲಿ 30ರಿಂದ 60 ಮಂದಿಯಲ್ಲಿ ಸ್ಪಷ್ಟ ದೋಷ ಸಿಗುತ್ತದೆ. ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಇಲ್ಲದವರು ನಿಶ್ಚಿಂತೆಯಿಂದ ಇರಬಹುದು. ಸಿಗದಿದ್ದರೆ ಎಲ್ಲರಿಗೂ ಎಕೋ ದಾರಿಯೇ ಗತಿ.

ಸೋದರತ್ತೆಯ ಮಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಿ. ಈ ಕಾಯಿಲೆ ಇದ್ದವರು ಮದುವೆಯಾಗಬಾರದು ಎಂಬುದು ಸುಳ್ಳು. ಆದರೆ ಸೋದರತ್ತೆ ಅಂದರೆ ನಿಮ್ಮ ಅಪ್ಪನ ಒಡಹುಟ್ಟಿದವರು. ದೋಷ ಅಜ್ಜ ಅಜ್ಜಿಯ ಕಡೆಯಿಂದ ಇಳಿದಿದ್ದರೆ ಅವರಲ್ಲೂ, ಅವರ ಮಗಳಲ್ಲೂ ಇರಬಹುದು. ಎರಡೂ ಕಡೆಯಿಂದ ಅದೇ ದೋಷ ಒಂದು ಮಗುವಿಗೆ ಸೇರಿದರೆ ಕಾಯಿಲೆ ಬಹಳ ಬೇಗ, ಬಹಳ ಬಿರುಸಾಗಿ ಬರುತ್ತದೆ. ಕೆಲವೊಮ್ಮೆ ಹುಟ್ಟಿದ ಮೊದಲ ವರ್ಷದಲ್ಲೇ. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಹೃದಯದ ಮಾಂಸವನ್ನು ಕೆಡಿಸುವ ಒಂದು ಜೀನ್ ಕೊರತೆ ಭಾರತ ಉಪಖಂಡದ ಮೂಲದವರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಇದೆ ಎಂದು ತೋರಿಸಿತು. ಅದು ಇರುವ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಆದರೂ ಅಕ್ಕನ ಮಗಳು, ಅತ್ತೆ ಮಗಳು ಎಂದು ಒಳಗೊಳಗೇ ಸಂಬಂಧ ಬೆಳೆಸುವ ನಮ್ಮ ಕಡೆ ಈ ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ನಿಶ್ಚಿತಾರ್ಥಕ್ಕೆ ಮೊದಲು ಅತ್ತೆ, ಅವರ ಮಗಳು ಇಬ್ಬರಿಗೂ ಇಸಿಜಿ ಮತ್ತು ಎಕೋ ಆಗಲಿ, ತಮ್ಮನ ಜೀನ್ ವರದಿ ಬರಲಿ, ಆಮೇಲೆ ಎರಡು ಮನೆಯವರೂ ಕೂತು ಮಾತಾಡಿ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಬೇಡಿ. ಆ ಹುಡುಗಿಗೆ ತಿಳಿಯುವ ಹಕ್ಕಿದೆ, ನಿಮ್ಮ ತಮ್ಮ ಬಿದ್ದಾಗ ಪಕ್ಕದಲ್ಲಿ ಇರುವವಳೂ ಅವಳೇ.

ತಮ್ಮನ ಚಿಕಿತ್ಸೆಗೆ ಬರೋಣ. ಮೊದಲ ಮದ್ದು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್. ಬಡಿತವನ್ನು ನಿಧಾನ ಮಾಡಿ ಹೃದಯಕ್ಕೆ ತುಂಬಿಕೊಳ್ಳಲು ಸಮಯ ಕೊಡುತ್ತದೆ, ಕಿಂಡಿಯ ಬಿಗಿ ತಗ್ಗಿಸುತ್ತದೆ. ಶುರುವಿನಲ್ಲಿ ಸ್ವಲ್ಪ ಮಂಕು, ಸುಸ್ತು ಇರಬಹುದು. ಉಬ್ಬಸ ಇದ್ದವರು ಮೊದಲೇ ಹೇಳಬೇಕು. ಮಾತ್ರೆ ಮುಗಿಯಿತೆಂದು ಒಮ್ಮೆಗೇ ನಿಲ್ಲಿಸುವುದು ಅಪಾಯ. ಇದು ಹಿಡಿಸದಿದ್ದರೆ ವೆರಪಾಮಿಲ್, ಸಾಲದಿದ್ದರೆ ಡೈಸೊಪಿರಮೈಡ್ ಸೇರಿಸುವುದು ಉಂಟು. ಮಾಂಸದ ಅತಿಯಾದ ಸೆಳೆತವನ್ನೇ ಸಡಿಲಿಸುವ ಮಾವಾಕ್ಯಾಮ್ಟೆನ್ ಎಂಬ ಹೊಸ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಪಂಪಿಂಗ್ ಬಲವನ್ನು ಅಗತ್ಯಕ್ಕಿಂತ ಇಳಿಸಿಬಿಡುವ ಭಯವಿರುವುದರಿಂದ ಮೇಲಿಂದ ಮೇಲೆ ಎಕೋ ಮಾಡುತ್ತಲೇ ಕೊಡಬೇಕು.

ಮಾತ್ರೆಗಳಿಂದ ಅಡಚಣೆ ಇಳಿಯದಿದ್ದರೆ ಎರಡು ದಾರಿ. ಒಂದು ಎದೆ ತೆರೆದು ಉಬ್ಬಿದ ಸೆಪ್ಟಮ್‌ನ ಸ್ವಲ್ಪ ಮಾಂಸ ಕೆತ್ತಿ ತೆಗೆಯುವ ಮಯೆಕ್ಟಮಿ. ಪಳಗಿದ ಕೈಗಳಲ್ಲಿ ಸಾವಿನ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಳಗದ ಕೈಯಲ್ಲಿ ಆ ಮಾತು ಹೇಳಲು ಬರುವುದಿಲ್ಲ. ಇನ್ನೊಂದು, 1994ರಲ್ಲಿ ಹೃದಯ ವೈದ್ಯ ಉಲ್ರಿಕ್ ಸಿಗ್ವಾರ್ಟ್ ಮೊದಲು ಮಾಡಿದ ವಿಧಾನ. ಆಂಜಿಯೋಗ್ರಾಂ ರೀತಿಯಲ್ಲೇ ಒಳಹೋಗಿ ಸೆಪ್ಟಮ್‌ಗೆ ರಕ್ತ ಕೊಡುವ ಸಣ್ಣ ನಾಳಕ್ಕೆ ಶುದ್ಧ ಆಲ್ಕೋಹಾಲ್ ಬಿಟ್ಟು ಆ ಭಾಗವನ್ನು ಒಣಗಿಸುವುದು. ಎದೆ ತೆರೆಯುವುದಿಲ್ಲ, ಬೇಗ ಮನೆಗೆ ಹೋಗಬಹುದು. ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಪೇಸ್‌ಮೇಕರ್ ಬೇಕಾಗುತ್ತದೆ, ಉಳಿಯುವ ಕಲೆ ಶಾಶ್ವತ. 22ರ ಹುಡುಗನಿಗೆ ಬೇಕಾಗಿ ಬಂದರೆ ನಾನು ಮಯೆಕ್ಟಮಿ ಕಡೆಗೇ ವಾಲುತ್ತೇನೆ. ಅದಕ್ಕೆ ಬೆಂಗಳೂರಿನ ದೊಡ್ಡ ಹೃದಯ ಆಸ್ಪತ್ರೆಗೆ ಹೋಗಿ, ನೀವು ಇಂಥವು ಎಷ್ಟು ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ.

ಮಷಿನ್ ಅಂದದ್ದು ಐಸಿಡಿ, ಅಂದರೆ ಮೈಯೊಳಗೆ ಕೂರಿಸುವ ಶಾಕ್ ಯಂತ್ರ. ಇದು ಕಿಂಡಿಯನ್ನು ಅಗಲ ಮಾಡುವುದಿಲ್ಲ, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಬಡಿತ ಕೊಲ್ಲುವ ಮಟ್ಟಕ್ಕೆ ಲಯಗೆಟ್ಟಾಗ ಒಳಗಿನಿಂದಲೇ ಶಾಕ್ ಕೊಟ್ಟು ಮರಳಿ ತರುತ್ತದೆ. ಯಾರಿಗೆ ಬೇಕು ಎಂದು ತೀರ್ಮಾನಿಸಲು ನಾವು ನೋಡುವುದು ಕಾರಣ ತಿಳಿಯದೆ ಎಚ್ಚರ ತಪ್ಪಿದ್ದು, ಹತ್ತಿರದ ನೆಂಟರಲ್ಲಿ ಎಳೆ ವಯಸ್ಸಿನ ಹಠಾತ್ ಸಾವು, ಗೋಡೆ 30 ಮಿ.ಮೀ. ಮುಟ್ಟಿರುವುದು, ಹೋಲ್ಟರ್‌ನಲ್ಲಿ (ದಿನವಿಡೀ ಮೈಗೆ ಕಟ್ಟಿ ತೆಗೆಯುವ ಇಸಿಜಿ) ಕೆಟ್ಟ ಲಯದ ಓಟ, ಎಂಆರ್‌ಐನಲ್ಲಿ ಹೆಚ್ಚು ಕಲೆ, ಪಂಪಿಂಗ್ 50ಕ್ಕಿಂತ ಇಳಿದಿರುವುದು, ಹೃದಯದ ತುದಿ ಉಬ್ಬಿರುವುದು. ನಿಮ್ಮ ತಮ್ಮನಲ್ಲಿ ಮೊದಲ ಎರಡು ಈಗಲೇ ಕಾಣುತ್ತಿವೆ. ಅವನು ಬಿದ್ದದ್ದು ಕಿಂಡಿಯ ಬಿಗಿಯಿಂದಲೋ ಲಯಗೆಟ್ಟೋ ಎಂದು ತಿಳಿಯಲು ಹೋಲ್ಟರ್, ಎಂಆರ್‌ಐ ಎರಡೂ ಬೇಗ ಆಗಲಿ. ಅವು ಪೂರ್ತಿ ಶುದ್ಧವಾಗಿ ಬಂದರೂ ಐಸಿಡಿ ಮಾತನ್ನು ಕೈಬಿಡಲು ನಾನು ಹಿಂದೆಮುಂದೆ ನೋಡುತ್ತೇನೆ. ಅದರ ಕಷ್ಟಗಳೂ ಇವೆ: ಬೇಡದ ಹೊತ್ತಿನಲ್ಲಿ ಶಾಕ್ ಹೊಡೆಯಬಹುದು, ತಂತಿಗೆ ಸೋಂಕು ತಗಲಬಹುದು, ಬ್ಯಾಟರಿ ಮುಗಿದಾಗ ಬದಲಿಸಬೇಕು, ಖರ್ಚು ಲಕ್ಷಗಳಲ್ಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಯಾವ ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಮನೆ ಮಂದಿಯೆಲ್ಲ ನೆನಪಿಡಬೇಕು. ಎದೆನೋವು ಅಂದ ಕೂಡಲೇ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವುದು ಈಗ ಎಲ್ಲರಿಗೂ ಗೊತ್ತು. ಕಿಂಡಿ ಬಿಗಿದಿರುವ ಈ ಹುಡುಗನಿಗೆ ಅದನ್ನು ಇಟ್ಟರೆ ಬಿಪಿ ಕುಸಿದು ಅಡಚಣೆ ಇನ್ನೂ ಹೆಚ್ಚುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಇಟ್ಟು, ಬೆವರಿ ಬಿಳಿಚಿಕೊಂಡ ರೋಗಿಯನ್ನು ನಮ್ಮಲ್ಲಿಗೆ ಹೊತ್ತು ತಂದದ್ದನ್ನು ನಾನು ನೋಡಿದ್ದೇನೆ. ಮೂತ್ರ ಹೋಗುವ ಮಾತ್ರೆ, ಅಮ್ಲೋಡಿಪಿನ್, ನಿಫೆಡಿಪಿನ್‌ಗಳಂಥ ಬಿಪಿ ಮಾತ್ರೆಗಳೂ ಇಂಥವರಿಗೆ ಕೇಳದೆ ಕೊಡುವಂಥವಲ್ಲ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನವರ ಹತ್ತಿರ ಹೋದರೂ, ಎಕೋ ವರದಿಯ ಒಂದು ಪ್ರತಿ ಕೈಯಲ್ಲಿರಲಿ. ಅಪ್ಪನ ಬಿಪಿ ಮಾತ್ರೆ ಯಾವುದು ಎಂದು ನೀವು ಬರೆದಿಲ್ಲ. ನೀವಾಗಿ ನಿಲ್ಲಿಸಬೇಡಿ, ಚೀಟಿ ತಂದು ತೋರಿಸಿ. ಬಿಪಿಯಿಂದಲೂ ಗೋಡೆ ದಪ್ಪವಾಗುತ್ತದೆ, ಅದು ಸಾಮಾನ್ಯವಾಗಿ 15ರ ಒಳಗೆ, ಸುತ್ತ ಒಂದೇ ಸಮನಾಗಿರುತ್ತದೆ. ಅವರ ಎಕೋ ನೋಡುವಾಗ ಇದನ್ನು ಬಿಡಿಸಿ ನೋಡಬೇಕು.

ಕಬಡ್ಡಿ ಪಂದ್ಯ ಸದ್ಯಕ್ಕೆ ಪೂರ್ತಿ ನಿಲ್ಲಲಿ. ಬಹಳ ಬೇಸರ ಪಡುತ್ತಾನೆ, ಗೊತ್ತು. ಹಾಸಿಗೆ ಹಿಡಿಸಬೇಡಿ, ಮೂಲೆಯಲ್ಲಿ ಕೂರಿಸಬೇಡಿ. ಪರೀಕ್ಷೆಗಳು ಮುಗಿದು ಔಷಧ ಹಿಡಿದ ಮೇಲೆ ಮಾತಾಡುತ್ತ ನಡೆಯುವ ವೇಗದ ನಡಿಗೆ, ಮನೆಗೆಲಸ ಅವನಿಗೆ ಒಳ್ಳೆಯದೇ. ಮೊದಲು ಇಂಥವರಿಗೆ ಎಲ್ಲ ವ್ಯಾಯಾಮವನ್ನೂ ಬೇಡ ಎನ್ನುತ್ತಿದ್ದೆವು. ಈಗ ಹಾಗಿಲ್ಲ. ನೀರು ಚೆನ್ನಾಗಿ ಕುಡಿಯಲಿ, ಊಟ ಸ್ವಲ್ಪ ಸ್ವಲ್ಪ ಮಾಡಲಿ, ಬಿಸಿಲಿನಲ್ಲಿ ಭಾರದ ಕೆಲಸ ಬೇಡ, ಹೆಂಡ ಬೇಡ. ತಲೆಸುತ್ತಿ ಕಣ್ಣು ಕತ್ತಲೆ ಬಂದರೆ ಕೂಡಲೇ ಮಲಗಿಸಿ ಕಾಲು ಮೇಲೆತ್ತಿ ಹಿಡಿಯಿರಿ. ಬಿದ್ದು ಉಸಿರೂ ಆಡದಿದ್ದರೆ ಬೀಗದ ಕೈ, ಈರುಳ್ಳಿ ಹುಡುಕುತ್ತ ನಿಲ್ಲಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಎರಡು ಇಂಚು ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ, ಆಂಬುಲೆನ್ಸ್ ಬರುವ ತನಕ. ಇದನ್ನು ನೀವು, ನಿಮ್ಮ ಅವ್ವ, ಅವನ ಜೊತೆಯ ಆಟಗಾರರು ಕಲಿತಿರಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಕೇಳಿದರೆ ಬೊಂಬೆಯ ಮೇಲೆ ತೋರಿಸಿ ಕಲಿಸುತ್ತಾರೆ.

ಬರುವಾಗ ಮೂವರೂ ಬನ್ನಿ, ತಮ್ಮ, ಅಪ್ಪ, ನೀವು. ಅವನ ಎಕೋದ ಸಿ.ಡಿ., ಬಿದ್ದ ದಿನ ತೆಗೆದ ಇಸಿಜಿ, ಅಪ್ಪನ ಮಾತ್ರೆ ಚೀಟಿ ತನ್ನಿ. ಪಂದ್ಯದ ವೀಡಿಯೊವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆದಿದ್ದರೆ ಅದನ್ನೂ ತನ್ನಿ. ಬಿದ್ದ ರೀತಿ, ಎಚ್ಚರವಾಗಲು ಹಿಡಿದ ಹೊತ್ತು ನಮಗೆ ಬಹಳ ಹೇಳುತ್ತದೆ. ನಿಮ್ಮ ಎಕೋವನ್ನು ಮೊದಲು ಮಾಡಿಸೋಣ.